ಚೌಕಾಸಿ, ಕೌಲು, ಸಂಧಾನ: 1792ರ ಶ್ರೀರಂಗಪಟ್ಟಣದ ಮಾತುಕತೆ ಮತ್ತು ಅದರ ಪದಗಳು

1792ರ ಫೆಬ್ರವರಿ ತಿಂಗಳ ಮಧ್ಯಭಾಗದಲ್ಲಿ ಶ್ರೀರಂಗಪಟ್ಟಣದ ಉತ್ತರಕ್ಕೆ, ಕಾವೇರಿಯ ಆಚೆ ದಡದಲ್ಲಿ, ಈದ್ಗಾ ದಿಬ್ಬದ ಸಮೀಪ ಕೆಲವು ಡೇರೆಗಳು ಎದ್ದವು. ಕೋಟೆಯ ಒಳಗಿನಿಂದ ಟಿಪ್ಪು ಸುಲ್ತಾನನ ವಕೀಲರಾದ ಗುಲಾಮ್ ಅಲಿ ಖಾನ್ ಮತ್ತು ಅಲಿ ರಜಾ ಖಾನ್ ಬಂದರು. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸರ್ ಜಾನ್ ಕೆನ್ನವೇ, ಹೈದರಾಬಾದಿನ ನಿಜಾಮನ ಪರವಾಗಿ ಮೀರ್ ಆಲಮ್, ಮರಾಠ ಸೇನಾನಿ ಹರಿಪಂತನ ಪರವಾಗಿ ಅವನ ಕಡೆಯವರು ಕುಳಿತರು. ಒಂದು ಕಡೆ ಮಾತು ನಡೆಯುತ್ತಿದ್ದಾಗಲೇ ಇನ್ನೊಂದು ಕಡೆ ಮುತ್ತಿಗೆಯ ಕಂದಕಗಳನ್ನು ತೋಡುವ ಕೆಲಸ ಸಾಗಿತ್ತು. ಆ ಡೇರೆಗಳಲ್ಲಿ ನಡೆದದ್ದನ್ನು ಇಂಗ್ಲಿಷ್ ದಾಖಲೆಗಳು ‘ನೆಗೋಷಿಯೇಷನ್’ ಎನ್ನುತ್ತವೆ. ಕನ್ನಡದ ಚರಿತ್ರೆ ಪುಸ್ತಕಗಳು ‘ಸಂಧಾನ’ ಎನ್ನುತ್ತವೆ. ಅಲ್ಲಿ ಇತ್ಯರ್ಥವಾದ ಸಂಗತಿಗಳೆಂದರೆ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಮತ್ತು ಇಬ್ಬರು ಬಾಲಕರು. ಇವನ್ನು ಎದುರಿಗೆ ಇಟ್ಟುಕೊಂಡು ನೋಡಿದಾಗ ಆ ವ್ಯವಹಾರಕ್ಕೆ ಸಂಧಾನವೆಂಬ ಹೆಸರು ಸಲ್ಲುತ್ತದೆಯೇ, ಚೌಕಾಸಿಯೆಂಬ ಹೆಸರು ಸಲ್ಲುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. ಇದು ಕೇವಲ ಅನುವಾದದ ಪ್ರಶ್ನೆಯಲ್ಲ. ಒಂದು ಘಟನೆಯನ್ನು ಯಾವ ಪದದಿಂದ ಕರೆಯುತ್ತೇವೆ ಎಂಬುದು ಆ ಘಟನೆಯಲ್ಲಿ ಯಾರಿಗೆ ಎಷ್ಟು ಸ್ವಾತಂತ್ರ್ಯವಿತ್ತು ಎಂಬ ತೀರ್ಪನ್ನೂ ಒಳಗೊಂಡಿರುತ್ತದೆ.

ಪೇಟೆಯ ಮಾತು, ಕಚೇರಿಯ ಮಾತು

ಇಂಗ್ಲಿಷಿನಲ್ಲಿ ಈ ಅರ್ಥವಲಯದ ಪದಗಳು ಎರಡು ಮನೆತನಕ್ಕೆ ಸೇರಿದವು. ಮೊದಲನೆಯದು ಪೇಟೆಯದು: ಬಾರ್ಗೇನ್, ಹ್ಯಾಗಲ್. ‘ಬಾರ್ಗೇನ್’ ಹಳೆಯ ಫ್ರೆಂಚಿನ ಬೆಲೆಯಾಟದ ಪದದಿಂದ ಬಂದದ್ದು. ‘ಹ್ಯಾಗಲ್’ ಎಂಬುದರ ಬೇರು ಉತ್ತರ ಯೂರೋಪಿನ ನೋರ್ಸ್ ಭಾಷೆಯಲ್ಲಿದೆ. ಕಡಿಯುವುದು, ಕೊಚ್ಚುವುದು ಎಂಬುದು ಅದರ ಮೂಲಾರ್ಥ. ಎರಡನೆಯದು ಕಚೇರಿಯ ಮನೆತನ: ನೆಗೋಷಿಯೇಟ್, ಟ್ರೀಟಿ, ಕ್ಯಾಪಿಚುಲೇಷನ್. ಇವೆಲ್ಲ ಲ್ಯಾಟಿನ್ ಮೂಲದವು. ‘ನೆಗೋಷಿಯೇಷನ್’ ಪದದ ಹಿಂದಿರುವ ‘ನೆಗೋಟಿಯಂ’ ಎಂಬುದಕ್ಕೆ ಬಿಡುವಿಲ್ಲದಿರುವಿಕೆ, ಅಂದರೆ ಕೆಲಸ, ವ್ಯವಹಾರ ಎಂದು ಅರ್ಥ. ‘ಟ್ರೀಟಿ’ಯ ಮೂಲವಾದ ಕ್ರಿಯಾಪದವು ಎಳೆಯುವುದನ್ನು, ಕೈಯಾಡಿಸುವುದನ್ನು ಸೂಚಿಸುತ್ತದೆ. ‘ಕ್ಯಾಪಿಚುಲೇಷನ್’ ಎಂಬುದು ಅಧ್ಯಾಯ ಅಥವಾ ಶೀರ್ಷಿಕೆ ಎಂಬ ಅರ್ಥದ ಪದದಿಂದ ಹುಟ್ಟಿದೆ. ಶರತ್ತುಗಳನ್ನು ಒಂದೊಂದಾಗಿ ಶೀರ್ಷಿಕೆಗಳಡಿ ಬರೆದು ಕೋಟೆಯನ್ನು ಒಪ್ಪಿಸುವುದು ಅದರ ಅರ್ಥವಾಗಿದ್ದು, ಬರಬರುತ್ತ ಬರಿಯ ಶರಣಾಗತಿ ಎಂಬ ಅರ್ಥ ಪಡೆಯಿತು. ‘ಟ್ರೂಸ್’ ಎಂಬ ಕದನವಿರಾಮದ ಪದ ಮಾತ್ರ ಅಚ್ಚ ಇಂಗ್ಲಿಷ್ ಮೂಲದ್ದು. ನಂಬಿಕೆ, ನಿಷ್ಠೆ ಎಂಬುದು ಅದರ ತಿರುಳು.

ಕನ್ನಡದಲ್ಲಿ ಈ ಪದಗಳು ಮೂರು ಪದರಗಳಾಗಿ ಕೂಡಿವೆ. ದೇಶ್ಯ ಪದರದಲ್ಲಿ ಒಡಂಬಡಿಕೆ, ಒತ್ತೆ, ಕೊಸರು ಮೊದಲಾದವು. ಅಳತೆ ಮುಗಿದ ಮೇಲೆ ಕೊಳ್ಳುವವನು ಕೇಳಿ ಪಡೆಯುವ ಹಿಡಿಯಷ್ಟು ಹೆಚ್ಚುವರಿಯೇ ಕೊಸರು. ಅದಕ್ಕಾಗಿ ನಡೆಯುವ ಎಳೆದಾಟ ಕೊಸರಾಟ. ಸಂಸ್ಕೃತದ ಪದರದಲ್ಲಿ ಸಂಧಿ, ಸಂಧಾನಗಳಿವೆ. ಕೂಡಿಸುವುದು, ಜೋಡಿಸುವುದು ಎಂಬ ಒಂದೇ ಧಾತುವಿನಿಂದ ಅರಸರ ಸಂಧಿಯೂ ವ್ಯಾಕರಣದ ಸಂಧಿಯೂ ಹುಟ್ಟಿವೆ. ರಾಜನೀತಿಯ ಷಾಡ್ಗುಣ್ಯದಲ್ಲಿ ಸಂಧಿ ಮೊದಲನೆಯದು, ವಿಗ್ರಹ ಎರಡನೆಯದು. ಇವೆರಡನ್ನೂ ನೋಡಿಕೊಳ್ಳುವ ಅಧಿಕಾರಿ ಸಂಧಿವಿಗ್ರಹಿ. ಕನ್ನಡ ಶಾಸನಗಳಲ್ಲಿ ಈ ಹುದ್ದೆಯ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಕೃಷ್ಣಸಂಧಾನದ ಪ್ರಸಂಗವನ್ನು ಪಂಪನಿಂದ ಮೊದಲ್ಗೊಂಡು ಕನ್ನಡ ಕವಿಗಳು ಹೇಳುತ್ತಲೇ ಬಂದುದರಿಂದ, ‘ಸಂಧಾನ’ ಎಂಬ ಪದಕ್ಕೆ ಕನ್ನಡಿಗರ ಮನಸ್ಸಿನಲ್ಲಿ ಒಂದು ಗಾಂಭೀರ್ಯವೂ ವಿಫಲಗೊಳ್ಳಬಹುದಾದ ಸತ್ಪ್ರಯತ್ನವೆಂಬ ನೆರಳೂ ಅಂಟಿಕೊಂಡಿವೆ.

ಮೂರನೆಯ ಪದರ ಅರಬ್ಬಿ, ಪಾರಸಿ ಮತ್ತು ಮರಾಠಿಗಳಿಂದ ಬಂದದ್ದು: ಕೌಲು, ಕರಾರು, ರಾಜಿ, ಜಾಮೀನು, ವಕೀಲ, ಚೌಕಾಸಿ. ಕರಾರು ಎಂದರೆ ಮೂಲದಲ್ಲಿ ನೆಲೆಗೊಳ್ಳುವಿಕೆ. ರಾಜಿ ಎಂದರೆ ತೃಪ್ತಿ, ಸಮ್ಮತಿ. ಇಂದು ನ್ಯಾಯಾಲಯದಲ್ಲಿ ವಾದಿಸುವವನಾದ ವಕೀಲ ಹದಿನೆಂಟನೆಯ ಶತಮಾನದಲ್ಲಿ ಅರಸನ ಪ್ರತಿನಿಧಿ, ರಾಯಭಾರಿ. ಮರಾಠಿಯಲ್ಲಿ ‘ಚೌಕಶೀ’ ಎಂದರೆ ವಿಚಾರಣೆ. ಕನ್ನಡದ ಪೇಟೆಯಲ್ಲಿ ಅದು ಬೆಲೆಯನ್ನು ಕುರಿತ ವಿಚಾರಣೆಯಾಗಿ, ಕೊನೆಗೆ ಬೆಲೆಯನ್ನು ಇಳಿಸುವ ವಾದವಾಗಿ ನೆಲೆಸಿತು.

ಈ ಪದಗಳಲ್ಲಿ ‘ಕೌಲು’ ಎಂಬುದು ವಿಶೇಷ ಗಮನಕ್ಕೆ ಅರ್ಹ. ಅರಬ್ಬಿಯಲ್ಲಿ ಅದಕ್ಕೆ ‘ಮಾತು’ ಎಂದು ಅರ್ಥ. ಮಾತು ಕೊಡುವುದು, ಕೊಟ್ಟ ಮಾತಿನ ಬರೆಹ, ರೈತನಿಗೆ ಭೂಮಿ ಕೊಡುವಾಗಿನ ಶರತ್ತು, ಶರಣಾದವರಿಗೆ ಕೊಡುವ ಅಭಯ ಎಂದು ಅದರ ಅರ್ಥ ಬೆಳೆಯಿತು. ಕನ್ನಡದ ‘ಭಾಷೆ’ಯೂ ಇದೇ ದಾರಿಯಲ್ಲಿ ನಡೆದಿದೆ: ಭಾಷೆ ಕೊಡುವುದೆಂದರೆ ವಚನ ಕೊಡುವುದು. ‘ವಚನ’ ಎಂಬ ಪದದ ಗತಿಯೂ ಅದೇ. ಇಂಗ್ಲಿಷಿನ ‘ಪಾರ್ಲಿ’, ಅಂದರೆ ಶತ್ರುವಿನೊಡನೆ ನಡೆಸುವ ಮಾತುಕತೆ, ಫ್ರೆಂಚಿನ ‘ಮಾತಾಡು’ ಎಂಬ ಕ್ರಿಯಾಪದದಿಂದ ಬಂದಿದೆ. ಆದರೆ ‘ಪಾರ್ಲಿ’ ಮಾತಿನಲ್ಲೇ ನಿಂತಿತು. ಕೌಲು, ಭಾಷೆ, ವಚನಗಳು ಮಾತಿನಿಂದ ಹೊಣೆಯ ಕಡೆಗೆ ಸರಿದವು. ದಕ್ಷಿಣ ಭಾರತದ ಕಂಪನಿ ಅಧಿಕಾರಿಗಳು ಕೌಲನ್ನು ತಮ್ಮ ಇಂಗ್ಲಿಷಿಗೇ ಸೇರಿಸಿಕೊಂಡರು. ಅಭಯ ಕೇಳುವ ಅಥವಾ ಕೊಡುವ ಬಿಳಿಯ ಬಾವುಟ ಅವರ ಬರೆಹಗಳಲ್ಲಿ ‘ಕೌಲಿನ ಬಾವುಟ’ವಾಯಿತು.

ಕೈಯಲ್ಲಿ ಕೈಯಿಟ್ಟ ಒಪ್ಪಂದ

1792ಕ್ಕೆ ಬಹು ಹಿಂದೆಯೇ ಈ ಸೀಮೆಗೆ ಸಂಬಂಧಿಸಿದ ಒಂದು ದೊಡ್ಡ ಇತ್ಯರ್ಥ ಶಿಲೆಯಲ್ಲಿ ದಾಖಲಾಗಿದೆ. 1368ರಲ್ಲಿ, ವಿಜಯನಗರದ ಬುಕ್ಕರಾಯನ ಆಳ್ವಿಕೆಯಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹಗಳ ಜೈನರು ತಮಗಾದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿಕೊಂಡರು. ಬುಕ್ಕರಾಯನು ಹದಿನೆಂಟು ನಾಡಿನ ಶ್ರೀವೈಷ್ಣವರನ್ನು ಕರೆಸಿದನು. ಶ್ರೀರಂಗ, ತಿರುಮಲೆ, ಕಂಚಿಗಳ ಆಚಾರ್ಯರೊಡನೆ ತಿರುನಾರಾಯಣಪುರ, ಅಂದರೆ ಇಂದಿನ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯವರೂ ಅದರಲ್ಲಿ ಸೇರಿದ್ದರು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರಿಗೆ ಪಂಚಮಹಾವಾದ್ಯ ಮತ್ತು ಕಲಶದ ಹಕ್ಕನ್ನು ಸ್ಥಿರಪಡಿಸಿದನು.

ಶ್ರವಣಬೆಳಗೊಳದ ಈ ಶಾಸನವು ಮತಸಾಮರಸ್ಯದ ಉದಾಹರಣೆಯಾಗಿ ಪ್ರಸಿದ್ಧ. ಆದರೆ ಕರಾರಿನ ಪತ್ರವಾಗಿಯೂ ಅದನ್ನು ಓದಬೇಕು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಉಳಿದ ಹಣದಲ್ಲಿ ಜಿನಾಲಯಗಳಿಗೆ ಸುಣ್ಣ ಬಳಿದು ಜೀರ್ಣೋದ್ಧಾರ ಮಾಡಿಸಬೇಕು. ಈ ಹೊಣೆಯನ್ನು ವಹಿಸಿದ್ದು ತಿರುಮಲೆಯ ತಾತಯ್ಯನಿಗೆ, ಅಂದರೆ ಪ್ರತಿಪಕ್ಷದ ಒಬ್ಬ ಹಿರಿಯನಿಗೆ. ಹಣ ಕೊಡುವವರು ಜೈನರು, ರಕ್ಷಣೆಯ ಹೊಣೆ ಹೊರುವವರು ವೈಷ್ಣವರು, ಎರಡಕ್ಕೂ ಮೇಲೆ ಅರಸ. ದುರ್ಬಲ ಪಕ್ಷವೇ ವೆಚ್ಚ ಭರಿಸಬೇಕಾಯಿತು ಎಂಬುದು ನಿಜ. ಆದರೆ ಮೊತ್ತ ನಿಶ್ಚಿತವಾಗಿತ್ತು, ಅದರ ವಿನಿಯೋಗ ಕೊಟ್ಟವರ ಹಿತಕ್ಕೇ ಮೀಸಲಾಗಿತ್ತು, ಮಾತು ಮುರಿದವರಿಗೆ ಶಿಕ್ಷೆಯ ಭಯವೂ ಇತ್ತು. ಕೂಡಿಸುವುದು ಎಂಬ ಧಾತ್ವರ್ಥಕ್ಕೆ ಈ ಸಂಧಾನ ಹತ್ತಿರದಲ್ಲಿದೆ.

ಒತ್ತೆಯಿಟ್ಟ ಸೀಮೆಗಳು

ಹದಿನೆಂಟನೆಯ ಶತಮಾನದ ವ್ಯವಹಾರದ ರೀತಿ ಬೇರೆ. 1757ರಲ್ಲಿ ಪೇಶ್ವೆ ಬಾಲಾಜಿ ಬಾಜಿರಾಯನು ದೊಡ್ಡ ಸೇನೆಯೊಡನೆ ಶ್ರೀರಂಗಪಟ್ಟಣದ ಮುಂದೆ ಬಂದಿಳಿದನು. ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನು 32 ಲಕ್ಷ ರೂಪಾಯಿಗೆ ಇತ್ಯರ್ಥ ಮಾಡಿಕೊಂಡನು. ಕೈಯಲ್ಲಿ ಇದ್ದದ್ದು ನಗದು, ಒಡವೆ ಸೇರಿ 5 ಲಕ್ಷದಷ್ಟು ಮಾತ್ರ. ಉಳಿದ 27 ಲಕ್ಷಕ್ಕೆ ಹಲವು ಸೀಮೆಗಳನ್ನು ಒತ್ತೆಯಿಡಲಾಯಿತು. ಆ ಪಟ್ಟಿಯಲ್ಲಿ ನಾಗಮಂಗಲ, ಬೆಳ್ಳೂರು, ಇಂದು ಕೃಷ್ಣರಾಜಪೇಟೆ ತಾಲ್ಲೂಕಿಗೆ ಸೇರಿರುವ ಕಿಕ್ಕೇರಿ, ಜೊತೆಗೆ ಚನ್ನರಾಯಪಟ್ಟಣ, ಕಡೂರು, ಬಾಣಾವರ, ತುರುವೇಕೆರೆ ಮೊದಲಾದವು ಇದ್ದವು. ಒಡವೆಯನ್ನು ಸಾಹುಕಾರನಲ್ಲಿ ಒತ್ತೆಯಿಡುವಂತೆ ಊರುಗಳ ಕಂದಾಯವನ್ನು ಒತ್ತೆಯಿಡಲಾಯಿತು. ಮರಾಠರ ಅಮಲ್ದಾರರು ವಸೂಲಿಗೆ ಬಂದು ಕುಳಿತರು.

ಮುಂಗಾರು ಹಿಡಿದು ಪೇಶ್ವೆಯ ದೊಡ್ಡ ಸೇನೆ ದೂರ ಸರಿದ ಮೇಲೆ ಹೈದರಾಲಿಯ ಸಲಹೆಯಂತೆ ಅವರನ್ನು ಹೊರದೂಡಲಾಯಿತು. ಅದರ ಫಲವಾಗಿ 1759ರಲ್ಲಿ ಗೋಪಾಲ ಹರಿಯ ದಂಡು ಬಂದಿತು. ಮತ್ತೆ 32 ಲಕ್ಷಕ್ಕೇ ಇತ್ಯರ್ಥವಾಯಿತು. ಅರ್ಧವನ್ನು ನಜರಾಣೆ ಎತ್ತಿ ಕೊಡಲಾಯಿತು. ಉಳಿದರ್ಧಕ್ಕೆ ಮರಾಠ ಪಾಳೆಯದ ಸಾಹುಕಾರರೇ ಹೈದರನ ಮಾತಿನ ಮೇಲೆ ಹೊಣೆ ನಿಂತರು. ಅವರ ಸಾಲ ತೀರುವವರೆಗೆ ಆ ಸೀಮೆಗಳ ಆಡಳಿತ ಹೈದರನ ಕೈಗೆ ಬಂದಿತು. ಹೈದರನ ಏಳಿಗೆಯನ್ನು ಬಣ್ಣಿಸುವವರು ಅವನ ಕತ್ತಿಯನ್ನು ನೆನೆಯುವುದುಂಟು. ಈ ಜಾಮೀನಿನ ಪಾಲೂ ಅದರಲ್ಲಿ ಕಡಿಮೆಯದಲ್ಲ. ನಾಗಮಂಗಲ, ಕಿಕ್ಕೇರಿಗಳ ಒಕ್ಕಲಿಗನ ಕಣದಿಂದ ನೋಡಿದರೆ ಎರಡು ವರ್ಷಗಳಲ್ಲಿ ವಸೂಲಿಗಾರರು ಬದಲಾದರು, ವಸೂಲಿ ಬದಲಾಗಲಿಲ್ಲ.

1771ರ ಮಾರ್ಚಿನಲ್ಲಿ ಇಂದಿನ ಪಾಂಡವಪುರ ತಾಲ್ಲೂಕಿನ ಚಿನಕುರಳಿಯಲ್ಲಿ ಹೈದರನ ಸೇನೆ ಮರಾಠರಿಂದ ಧೂಳಿಪಟವಾಯಿತು. ಶ್ರೀರಂಗಪಟ್ಟಣಕ್ಕೆ ಮತ್ತೆ ಮುತ್ತಿಗೆ ಬಿದ್ದಿತು. ಮರುವರ್ಷ ಹಣವನ್ನೂ ಪ್ರದೇಶವನ್ನೂ ಕೊಟ್ಟು ಶಾಂತಿ ಕೊಳ್ಳಬೇಕಾಯಿತು. ಕನ್ನಡದಲ್ಲಿ ‘ಶಾಂತಿ ಕೊಳ್ಳುವುದು’ ಎಂಬ ಮಾತು ಅಲಂಕಾರದಂತೆ ತೋರಬಹುದು. ಈ ಮೂರು ಪ್ರಸಂಗಗಳಲ್ಲಿ ಅದು ಲೆಕ್ಕದ ಮಾತು.

ಹಣ್ಣಿನ ಬುಟ್ಟಿ, ಪಾಳೆಯದ ಪೇಟೆ

1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಪೂರ್ವಕ್ಕಿರುವ ಅರಕೆರೆಯವರೆಗೆ ಬಂದು, 15ರಂದು ನಡೆದ ಕಾಳಗದಲ್ಲಿ ಗೆದ್ದನು. ಆದರೆ ಮುತ್ತಿಗೆ ಹಾಕುವ ಶಕ್ತಿ ಅವನ ಸೇನೆಗೆ ಉಳಿದಿರಲಿಲ್ಲ. ಎತ್ತುಗಳು ಸಾಯುತ್ತಿದ್ದವು, ಧಾನ್ಯ ತೀರಿತ್ತು, ಮಳೆ ಹಿಡಿದಿತ್ತು. ಕನ್ನಂಬಾಡಿಯ ಬಳಿ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಲು ತೊಡಗಿದನು. ಆ ದಿನಗಳಲ್ಲಿ ಟಿಪ್ಪು ಬಿಳಿಯ ಬಾವುಟದೊಡನೆ ಹಣ್ಣಿನ ಬುಟ್ಟಿಗಳನ್ನು ಕಳುಹಿಸಿದನು. ಅವು ಮುಟ್ಟದೆ ಹಿಂದಕ್ಕೆ ಬಂದವು. ಈ ನೆಲದ ವ್ಯವಹಾರದಲ್ಲಿ ಫಲತಾಂಬೂಲವನ್ನು ಸ್ವೀಕರಿಸುವುದೆಂದರೆ ಮಾತಿಗೆ ಕೂರಲು ಒಪ್ಪಿದಂತೆ. ಮಿತ್ರಪಕ್ಷಗಳನ್ನು ಬಿಟ್ಟು ತಾನೊಬ್ಬನೇ ಮಾತಿಗೆ ಕೂರಲಾರೆ ಎಂಬುದನ್ನು ಕಾರ್ನ್‌ವಾಲಿಸ್ ಹಣ್ಣನ್ನು ಹಿಂತಿರುಗಿಸಿಯೇ ಹೇಳಿದಂತಾಯಿತು.

ಹಿಮ್ಮೆಟ್ಟುವ ದಾರಿಯಲ್ಲಿ, ಮೇಲುಕೋಟೆಯ ಕಡೆಯ ಬಯಲಿನಲ್ಲಿ, ಹರಿಪಂತ ಮತ್ತು ಪರಶುರಾಮ ಭಾವೆಯರ ಮರಾಠ ದಂಡು ಅನಿರೀಕ್ಷಿತವಾಗಿ ಬಂದು ಸೇರಿತು. ಅವರೊಡನೆ ಒಂದು ಇಡೀ ಪೇಟೆಯೇ ಚಲಿಸುತ್ತಿತ್ತು. ಧಾನ್ಯವಷ್ಟೇ ಅಲ್ಲದೆ ಕಾಶ್ಮೀರದ ಶಾಲು, ಇಂಗ್ಲೆಂಡಿನ ಬಟ್ಟೆ, ನಾಣ್ಯ ಬದಲಿಸುವ ಸರಾಫರ ಮಣೆಗಳವರೆಗೆ ಎಲ್ಲವೂ ಅಲ್ಲಿದ್ದವೆಂದು ಮಾರ್ಕ್ ವಿಲ್ಕ್ಸ್ ತನ್ನ ಮೈಸೂರಿನ ಚರಿತ್ರೆಯಲ್ಲಿ ವಿಸ್ತಾರವಾಗಿ ಬಣ್ಣಿಸಿದ್ದಾನೆ. ಹಸಿದ ಕಂಪನಿ ಸೇನೆ ಕೇಳಿದ ಬೆಲೆ ಕೊಟ್ಟು ಧಾನ್ಯ ಕೊಂಡಿತು. ಚೌಕಾಸಿ ಮಾಡಲು ಕೊಳ್ಳುವವನಿಗೆ ಬೇರೆ ಅಂಗಡಿಗೆ ಹೋಗುವ ಅವಕಾಶವಿರಬೇಕು. ಆ ಮೇ ತಿಂಗಳಲ್ಲಿ ಗವರ್ನರ್ ಜನರಲನ ಸೇನೆಗೆ ಅದು ಇರಲಿಲ್ಲ. ಮರಾಠ ಸೇನಾನಿಗಳು ವೆಚ್ಚಕ್ಕೆ ಸಾಲ ಕೇಳಿದಾಗಲೂ ಅವನು ಒಪ್ಪಬೇಕಾಯಿತು. ಚೀನಾದ ವ್ಯಾಪಾರಕ್ಕೆಂದು ಮದ್ರಾಸಿಗೆ ಬಂದ ಹಡಗುಗಳಲ್ಲಿದ್ದ ಸಂಪತ್ತನ್ನು ಅದಕ್ಕಾಗಿ ಇಳಿಸಿಕೊಳ್ಳಲಾಯಿತು. ಒಂಬತ್ತು ತಿಂಗಳ ನಂತರ ಅದೇ ಸ್ಥಿತಿಯಲ್ಲಿ ಟಿಪ್ಪು ನಿಂತಿದ್ದನು.

ಮುರಿದ ಮಾತಿನ ತಕರಾರು

1792ರ ಫೆಬ್ರವರಿ 5ರಂದು ಮಿತ್ರಸೇನೆಗಳು ಹಿರೋಡೆ, ಅಂದರೆ ಫ್ರೆಂಚ್ ರಾಕ್ಸ್ ಎಂದೂ ಕರೆಸಿಕೊಂಡ ಇಂದಿನ ಪಾಂಡವಪುರದ ಬಳಿ ಬೀಡುಬಿಟ್ಟವು. ಮರುದಿನ ರಾತ್ರಿಯ ದಾಳಿಯಲ್ಲಿ ಟಿಪ್ಪುವಿನ ಹೊರವಲಯದ ಪಾಳೆಯ ಕೈಬಿಟ್ಟುಹೋಯಿತು. ಫೆಬ್ರವರಿ 8ರಂದು ಅವನು ಸೆರೆಯಲ್ಲಿದ್ದ ಲೆಫ್ಟಿನೆಂಟ್ ಚಾಮರ್ಸ್ ಮತ್ತು ನ್ಯಾಶ್ ಎಂಬ ಇಬ್ಬರು ಅಧಿಕಾರಿಗಳನ್ನು ಬಿಡಿಸಿ, ಅವರ ಕೈಯಲ್ಲಿ ಕಾರ್ನ್‌ವಾಲಿಸನಿಗೆ ಪತ್ರ ಕಳುಹಿಸಿದನು.

ಇವರ ಸೆರೆಯೇ ಒಂದು ಪದದ ವಿವಾದವಾಗಿತ್ತು. 1791ರ ನವೆಂಬರಿನಲ್ಲಿ ಕೊಯಮತ್ತೂರಿನ ಕೋಟೆಯನ್ನು ಅವರು ಶರತ್ತುಗಳ ಮೇಲೆ ಟಿಪ್ಪುವಿನ ಸೇನಾನಿ ಕಮರುದ್ದೀನ್ ಖಾನನಿಗೆ ಒಪ್ಪಿಸಿದ್ದರು. ಶರತ್ತಿನಂತೆ ಸೈನಿಕರನ್ನು ಪಾಲಕ್ಕಾಡಿಗೆ ಬಿಡಬೇಕಿತ್ತು, ಬಿಡದೆ ಸೆರೆಯಲ್ಲಿಡಲಾಯಿತು. ಕಂಪನಿಯ ದೃಷ್ಟಿಯಲ್ಲಿ ಇದು ಕ್ಯಾಪಿಚುಲೇಷನ್ನಿನ ಉಲ್ಲಂಘನೆ. ತನ್ನ ಸೇನಾನಿ ಕೊಟ್ಟದ್ದು ಬಿಡುಗಡೆಯ ಕೌಲಲ್ಲ, ಬಿಡುಗಡೆಗೆ ಶಿಫಾರಸು ಮಾಡುವ ಭರವಸೆ ಮಾತ್ರ ಎಂಬುದು ಟಿಪ್ಪುವಿನ ವಾದ. ಧಾರವಾಡದ ಕೋಟೆಯನ್ನು ಒಪ್ಪಿಸಿದ ಬದ್ರುಜ್ಜಮಾನ್ ಖಾನನ ವಿಷಯದಲ್ಲಿ ಮರಾಠರೇ ಮಾತು ಮುರಿದರೆಂಬ ಆಕ್ಷೇಪವೂ ಮೈಸೂರಿನ ಕಡೆಯಿಂದ ಇತ್ತು. ಹೀಗೆ ಡೇರೆಗಳಲ್ಲಿ ಮಾತು ಆರಂಭವಾಗುವ ಮೊದಲೇ, ಮಾತಿಗೆ ಎಷ್ಟು ಬೆಲೆ ಎಂಬುದು ತಕರಾರಿನಲ್ಲಿತ್ತು. ಒತ್ತೆಯಾಳುಗಳ ಬೇಡಿಕೆಯನ್ನು ಅರ್ಥಮಾಡಿಕೊಳ್ಳಲು ಈ ಹಿನ್ನೆಲೆ ಬೇಕು. ಮಾತು ಸಾಲದೆನಿಸಿದಲ್ಲಿ ಒತ್ತೆ ಕೇಳುತ್ತಾರೆ.

ಸ್ಥಳದ ಪ್ರಶ್ನೆಯೂ ಮುಖ್ಯ. 1784ರ ಮಂಗಳೂರಿನ ಒಪ್ಪಂದದ ಕಾಲದಲ್ಲಿ ಕಂಪನಿಯ ಪ್ರತಿನಿಧಿಗಳು ಟಿಪ್ಪುವಿನ ಪಾಳೆಯವಿದ್ದಲ್ಲಿಗೆ ಬಂದಿದ್ದರು. ಆ ವರ್ಷದ ಮಾರ್ಚ್ 11ರ ಒಪ್ಪಂದ ಗೆದ್ದ ನೆಲವನ್ನು ಪರಸ್ಪರ ಹಿಂತಿರುಗಿಸುವ ಸಮಾನರ ಒಪ್ಪಂದವಾಗಿತ್ತು. ಎಂಟು ವರ್ಷಗಳ ಮೇಲೆ ವಕೀಲರು ಕೋಟೆಯಿಂದ ಹೊರಗೆ ಬಂದು, ಮುತ್ತಿಗೆ ಹಾಕಿದವರ ಡೇರೆಗೆ ನಡೆದರು.

ಐದು ಶರತ್ತು, ಇಬ್ಬರು ಮಕ್ಕಳು

ಪ್ರಾಥಮಿಕ ಕರಾರಿನ ತಿರುಳು ಇಷ್ಟು: ಮಿತ್ರಪಕ್ಷಗಳ ಗಡಿಗೆ ಹೊಂದಿಕೊಂಡಂತೆ ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕು, 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕು, ಅದರಲ್ಲಿ 1 ಕೋಟಿ 65 ಲಕ್ಷ ಕೂಡಲೇ, ಉಳಿದದ್ದು ಕಂತುಗಳಲ್ಲಿ, ಹೈದರನ ಕಾಲದಿಂದ ಸೆರೆಯಲ್ಲಿರುವ ಎಲ್ಲರನ್ನೂ ಬಿಡಬೇಕು, ಹಿರಿಯ ಮೂವರು ಗಂಡುಮಕ್ಕಳಲ್ಲಿ ಇಬ್ಬರನ್ನು ಒತ್ತೆಯಾಗಿ ಕಳುಹಿಸಬೇಕು, ಇವು ನೆರವೇರಿದ ಮೇಲೆ ಅಂತಿಮ ಒಪ್ಪಂದವಾಗಬೇಕು. ಟಿಪ್ಪು ತನ್ನ ಸರದಾರರನ್ನು ಮಸೀದಿಯಲ್ಲಿ ಕೂಡಿಸಿ, ಕುರಾನಿನ ಮುಂದೆ ಅಭಿಪ್ರಾಯ ಕೇಳಿ, ಅನಂತರ ಒಪ್ಪಿದನು. ಫೆಬ್ರವರಿ 24ರಂದು ಕಾದಾಟ ನಿಂತಿತು.

26ರಂದು ಸುಮಾರು ಹತ್ತು ವರ್ಷದ ಅಬ್ದುಲ್ ಖಾಲಿಕ್ ಮತ್ತು ಎಂಟು ವರ್ಷದ ಮುಯಿಜುದ್ದೀನ್ ಆನೆಗಳ ಮೇಲೆ ಕೋಟೆಯಿಂದ ಹೊರಟರು. ಕೋಟೆಯಿಂದ ತೋಪುಗಳು ಹಾರಿದವು. ಕಂಪನಿಯ ಪಾಳೆಯದಲ್ಲಿಯೂ ಗೌರವದ ತೋಪು ಹಾರಿತು. ಗುಲಾಮ್ ಅಲಿ ಖಾನನು ಬಾಲಕರನ್ನು ಒಪ್ಪಿಸುತ್ತ, ಅಂದಿನವರೆಗೆ ಸುಲ್ತಾನನ ಮಕ್ಕಳಾಗಿದ್ದವರು ಇನ್ನು ಕಾರ್ನ್‌ವಾಲಿಸನನ್ನು ತಂದೆಯೆಂದು ತಿಳಿಯಬೇಕಾಗಿದೆ ಎಂಬ ಅರ್ಥದ ಮಾತಾಡಿದನು. ಕಾರ್ನ್‌ವಾಲಿಸ್ ಅವರನ್ನು ಅಪ್ಪಿಕೊಂಡು ಒಬ್ಬೊಬ್ಬರಿಗೆ ಒಂದೊಂದು ಚಿನ್ನದ ಗಡಿಯಾರ ಕೊಟ್ಟನು. ಸೇನೆಯೊಡನಿದ್ದ ಚಿತ್ರಕಾರ ರಾಬರ್ಟ್ ಹೋಮ್ ಈ ದೃಶ್ಯವನ್ನು ಬರೆದನು. ಇಂಗ್ಲೆಂಡಿನಲ್ಲಿ ಇಂಥ ಚಿತ್ರಗಳು ಬಹು ಜನಪ್ರಿಯವಾದವು.

ಇಂಗ್ಲಿಷಿನ ‘ಹೋಸ್ಟೇಜ್’ ಪದ ಹಳೆಯ ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದಕ್ಕೆ ವಸತಿ, ಆತಿಥ್ಯ ಎಂಬ ಅರ್ಥಗಳೂ ಇದ್ದವು. ಆ ಚಿತ್ರಗಳು ತೋರಿಸುವುದು ಈ ಆತಿಥ್ಯದ ಮುಖವನ್ನು. ಕನ್ನಡದ ‘ಒತ್ತೆಯಾಳು’ ಅಂಥ ಯಾವ ತೆರೆಯನ್ನೂ ಉಳಿಸುವುದಿಲ್ಲ. ಒತ್ತೆ ಎಂದರೆ ಸಾಲಕ್ಕೆ ಪ್ರತಿಯಾಗಿ ಸಾಲಗಾರನಲ್ಲಿ ಇಟ್ಟ ವಸ್ತು. ಇಲ್ಲಿ ಆ ವಸ್ತು ಆಳು. ತೀರದ ಸಾಲ 1 ಕೋಟಿ 65 ಲಕ್ಷ. ಚಿನ್ನದ ಗಡಿಯಾರ ಈ ಲೆಕ್ಕವನ್ನು ಬದಲಿಸಲಿಲ್ಲ ಎಂಬುದು ಮೂರು ವಾರಗಳೊಳಗೆ ಸ್ಪಷ್ಟವಾಯಿತು.

ಎಂಟು ಸಾವಿರ ವರಾಹದ ಕೊಡಗು

ಅರ್ಧ ರಾಜ್ಯ ಎಂದು ಬರೆಯುವುದು ಸುಲಭ. ಯಾವುದು ಅರ್ಧ ಎಂದು ಗೊತ್ತುಪಡಿಸುವುದು ಕಷ್ಟ. ಭೂಮಿಯನ್ನು ಅಳೆದದ್ದು ಕಂದಾಯದಿಂದ. ಟಿಪ್ಪುವಿನ ವಕೀಲರು ತಂದ ಲೆಕ್ಕಗಳನ್ನು ಮಿತ್ರಪಕ್ಷಗಳು ಒಪ್ಪಲಿಲ್ಲ. ಅವರ ಬಳಿ ಬೇರೆ ಲೆಕ್ಕಗಳಿದ್ದವು. ಕೊನೆಗೆ ಒಪ್ಪಂದದ ಅನುಬಂಧದಲ್ಲಿ ಪ್ರತಿಯೊಂದು ಸೀಮೆಯ ಮೌಲ್ಯವನ್ನು ಕಂಠೀರಾಯಿ ವರಾಹಗಳಲ್ಲಿ ನಮೂದಿಸಲಾಯಿತು. ಇದೇ ಶ್ರೀರಂಗಪಟ್ಟಣದಲ್ಲಿ 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರಾಯಿ ಹಣಗಳು ಹತ್ತು ಸೇರಿದರೆ ಒಂದು ವರಾಹ. ಅದು ಲೆಕ್ಕದ ವರಾಹ, ಸುಮಾರು ಮೂರು ರೂಪಾಯಿಗೆ ಸಮ. ಮೈಸೂರು ರಾಜ್ಯವನ್ನು ಕಟ್ಟಿದವನ ಹೆಸರಿನ ಹಣದಿಂದಲೇ ಆ ರಾಜ್ಯವನ್ನು ಹಂಚಲಾಯಿತು.

ಮೂರು ಪಕ್ಷಗಳಿಗೂ ತಲಾ 13 ಲಕ್ಷ 16 ಸಾವಿರ ವರಾಹಗಳಿಗೆ ಮಿಕ್ಕ ಹುಟ್ಟುವಳಿಯ ಪ್ರದೇಶ ಹೋಯಿತು. ಕಂಪನಿಯ ಪಾಲು 13,16,765 ವರಾಹ. ಅದರಲ್ಲಿ ಕಲ್ಲಿಕೋಟೆಯೊಂದೇ 8,48,765; ದಿಂಡಿಗಲ್ಲಿನ ಸೀಮೆ 90,000; ಪಾಲಕ್ಕಾಡು 88,000; ಸೇಲಂ 24,000. ಕೊಡಗಿನ ಮುಂದೆ ಬರೆದ ಮೊತ್ತ 8,000 ವರಾಹ, ಇಡೀ ಪಾಲಿನಲ್ಲಿ ಸಾವಿರಕ್ಕೆ ಆರು.

ಈ ಸಾವಿರಕ್ಕೆ ಆರರ ಮೇಲೆ ಮಾತು ಮುರಿಯುವ ಹಂತಕ್ಕೆ ಬಂದಿತು. ಕಂಪನಿಯ ಪಟ್ಟಿಯಲ್ಲಿ ಕೊಡಗು ಇದೆಯೆಂದು ತಿಳಿದಾಗ ಟಿಪ್ಪು ಕೆರಳಿದನು. ಪ್ರಾಥಮಿಕ ಕರಾರಿನಲ್ಲಿ ಇದ್ದದ್ದು ಗಡಿಗೆ ಹೊಂದಿಕೊಂಡ ಪ್ರದೇಶ. ಕೊಡಗು ಇಂಗ್ಲಿಷರ ಯಾವ ಸೀಮೆಗೆ ಹೊಂದಿಕೊಂಡಿದೆ, ಅದನ್ನು ಕೇಳುವುದೂ ಶ್ರೀರಂಗಪಟ್ಟಣದ ಬೀಗದ ಕೈ ಕೇಳುವುದೂ ಒಂದೇ ಎಂಬುದು ಅವನ ಆಕ್ಷೇಪದ ಸಾರ. ಕರಾರಿನ ಅಕ್ಷರವನ್ನು ಹಿಡಿದು ನೋಡಿದರೆ ಈ ಆಕ್ಷೇಪಕ್ಕೆ ಬಲವಿತ್ತು. ಕಾರ್ನ್‌ವಾಲಿಸನಿಗೂ ಒಂದು ಮಾತಿನ ಕಟ್ಟು ಇತ್ತು. 1790ರ ಅಕ್ಟೋಬರಿನಲ್ಲಿ ಕಂಪನಿಯು ಕೊಡಗಿನ ದೊಡ್ಡ ವೀರರಾಜೇಂದ್ರನಿಗೆ ರಕ್ಷಣೆಯ ವಚನ ಕೊಟ್ಟಿತ್ತು. ಮಲಬಾರಿನಿಂದ ಘಟ್ಟ ಹತ್ತಿ ಬಂದ ಅಬರ್‌ಕ್ರೋಂಬಿಯ ಬೊಂಬಾಯಿ ಸೇನೆಗೆ ದಾರಿ, ಧಾನ್ಯ ಕೊಟ್ಟವನು ಅವನೇ. ಅವನನ್ನು ಟಿಪ್ಪುವಿನ ಕೈಗೆ ಬಿಟ್ಟು ಹೋಗುವುದು ಸಾಧ್ಯವಿರಲಿಲ್ಲ. ಒಬ್ಬನಿಗೆ ಕೊಟ್ಟ ಮಾತನ್ನು ಉಳಿಸಲು ಇನ್ನೊಬ್ಬನೊಡನೆ ಮಾಡಿದ ಕರಾರನ್ನು ಹಿಗ್ಗಿಸಬೇಕಾಯಿತು.

ಆಮೇಲೆ ನಡೆದದ್ದು ವಾದವಲ್ಲ. ಫಿರಂಗಿಗಳನ್ನು ಮತ್ತೆ ಮುತ್ತಿಗೆಯ ದಿಬ್ಬಗಳಿಗೆ ತರುವಂತೆ ಆಜ್ಞೆಯಾಯಿತು. ಬಾಲಕರ ಕಾವಲಿನ ಮೈಸೂರಿನ ಸೈನಿಕರ ಆಯುಧಗಳನ್ನು ಕಸಿದುಕೊಳ್ಳಲಾಯಿತು. ಅವರನ್ನು ಪೂರ್ವದ ಕಡೆಗೆ ಸಾಗಿಸಲು ಸಿದ್ಧತೆ ನಡೆಯಿತು. ಟಿಪ್ಪು ಮಣಿದನು. 1792ರ ಮಾರ್ಚ್ 18ರಂದು ಅಂತಿಮ ಒಪ್ಪಂದಕ್ಕೆ ಸಹಿಯಾಯಿತು; ಮರುದಿನ ಅದರ ಪ್ರತಿಗಳನ್ನು ಕಾರ್ನ್‌ವಾಲಿಸನ ಕೈಗೆ ಒಪ್ಪಿಸಿದವರು ಆ ಬಾಲಕರೇ.

ಹೊರೆ ಹೊತ್ತವರು

ಹಣ ಎಲ್ಲಿಂದ ಬಂದಿತು? ವಿಲ್ಕ್ಸ್ ಕೊಡುವ ಲೆಕ್ಕದಂತೆ 1 ಕೋಟಿ 10 ಲಕ್ಷ ಖಜಾನೆಯಿಂದ, 60 ಲಕ್ಷ ಸೇನೆಯಿಂದ ಕಾಣಿಕೆಯ ಹೆಸರಿನಲ್ಲಿ, ಉಳಿದ 1 ಕೋಟಿ 60 ಲಕ್ಷ ಅಧಿಕಾರಿಗಳಿಂದಲೂ ಪ್ರಜೆಗಳಿಂದಲೂ. ಡೇರೆಯಲ್ಲಿ ಕುಳಿತ ಯಾರ ವಕೀಲನೂ ಈ ಪ್ರಜೆಗಳ ವಕೀಲನಾಗಿರಲಿಲ್ಲ. ಅವರ ಊರುಗಳ ಸ್ಥಿತಿಯನ್ನು 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ದಾಖಲಿಸಿದ್ದಾನೆ: ಮರಾಠರ ದಂಡಿನಿಂದ ಹಾಳಾದ ನಾಗಮಂಗಲ, ಕಬ್ಬಿಣಕ್ಕಾಗಿ ಮರದ ತೇರುಗಳನ್ನು ಸುಟ್ಟುಹೋದ ಮೇಲುಕೋಟೆ. 1757ರಲ್ಲಿ ಒತ್ತೆಯಾಗಿ ಹೋದ ನಾಗಮಂಗಲಕ್ಕೆ ಈ ಬಾರಿ ಬರೆಹದ ಕರಾರಿನಲ್ಲಿ ಹೆಸರೂ ಇರಲಿಲ್ಲ.

ಹಣ ತೀರಿದ ಮೇಲೆ 1794ರ ಮಾರ್ಚಿನಲ್ಲಿ ದೇವನಹಳ್ಳಿಯಲ್ಲಿ ಬಾಲಕರನ್ನು ತಂದೆಗೆ ಒಪ್ಪಿಸಲಾಯಿತು. ಒತ್ತೆಯ ನಿಯಮ ಪೂರ್ತಿಯಾಗಿ ಪಾಲನೆಯಾಯಿತು ಎನ್ನಬೇಕು. ಆದರೆ ಆ ನಿಯಮದಿಂದ ಎರಡು ಪಕ್ಷಗಳೂ ಪಾಠ ಕಲಿತಿದ್ದವು. 1799ರ ಏಪ್ರಿಲ್ 22ರಂದು ಜನರಲ್ ಹ್ಯಾರಿಸ್ ಕೋಟೆಯೊಳಕ್ಕೆ ಕಳುಹಿಸಿದ ಕರಡಿನಲ್ಲಿ ಇದ್ದ ಬೇಡಿಕೆ: ಉಳಿದಿದ್ದ ರಾಜ್ಯದಲ್ಲಿ ಅರ್ಧ, 2 ಕೋಟಿ ರೂಪಾಯಿ, ನಾಲ್ವರು ಮಕ್ಕಳು ಮತ್ತು ನಾಲ್ವರು ಸರದಾರರು. ಟಿಪ್ಪು ಅದನ್ನು ಒಪ್ಪಲಿಲ್ಲ. ಮೇ 4ರಂದು ಕೋಟೆ ಬಿದ್ದಿತು, ಅವನೂ ಬಿದ್ದನು.

ಈ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆಯುವುದು ಕನ್ನಡ ಚರಿತ್ರೆಯ ವಿದ್ಯಾರ್ಥಿಗೆ ಸಲ್ಲದು. 1368ರ ಇತ್ಯರ್ಥಕ್ಕೆ ಸಂಧಾನವೆಂಬ ಪದ ಒಪ್ಪುತ್ತದೆ. ಅಲ್ಲಿ ಇಬ್ಬರ ಕೈ ಕೂಡಿದವು, ಹೊಣೆ ಎದುರುಪಕ್ಷದ ಮೇಲೆ ಬಿದ್ದಿತು. 1757 ಮತ್ತು 1759ರವು ಒತ್ತೆ, ಜಾಮೀನುಗಳ ಸಾಲದ ವ್ಯವಹಾರ. 1791ರ ಮೇಲುಕೋಟೆಯ ಬಯಲಿನಲ್ಲಿ ನಡೆದದ್ದು ಚೌಕಾಸಿಗೂ ಎಡೆಯಿಲ್ಲದ ಖರೀದಿ. 1792ರ ಪ್ರಾಥಮಿಕ ಕರಾರಿಗೆ ಒಡಂಬಡಿಕೆ ಎನ್ನಬಹುದು, ಅದನ್ನು ಬರೆದ ಕೈಗಳು ಸಮಾನವಾಗಿರಲಿಲ್ಲವೆಂಬ ಎಚ್ಚರದೊಡನೆ. ಕೊಡಗಿನ ವಿಷಯದಲ್ಲಿ ನಡೆದದ್ದಕ್ಕೆ ಮಾತ್ರ ಈ ಪದಗಳಲ್ಲಿ ಯಾವುದೂ ಹೊಂದುವುದಿಲ್ಲ. ಇಂಗ್ಲಿಷ್ ದಾಖಲೆಯಲ್ಲಿ ‘ನೆಗೋಷಿಯೇಷನ್’ ಎಂದಿರುವ ಕಡೆಗಳಲ್ಲೆಲ್ಲ ‘ಸಂಧಾನ’ ಎಂದು ಬರೆದುಕೊಂಡು ಹೋದರೆ, ದಿಬ್ಬಕ್ಕೆ ಮರಳಿ ಬಂದ ಫಿರಂಗಿಗಳೂ ಕಾವಲು ಕಳೆದುಕೊಂಡ ಹತ್ತು ವರ್ಷದ ಬಾಲಕನೂ ಆ ಪದದ ಹಿಂದೆ ಮರೆಯಾಗುತ್ತಾರೆ.